ರೊಮೇರ್ ಬಿಯರ್ಡನ್: ತುಣುಕುಗಳಿಂದ ಕಟ್ಟಿದ ಮುಖ

ಆಫ್ರಿಕನ್-ಅಮೆರಿಕನ್ ಕಲಾವಿದ ರೊಮೇರ್ ಬಿಯರ್ಡನ್ ಅವರು 1911ರಲ್ಲಿ ಉತ್ತರ ಕೆರೊಲಿನಾದ ಷಾರ್ಲಟ್ ನಗರದಲ್ಲಿ ಜನಿಸಿದರು. ದಕ್ಷಿಣದ ವರ್ಣಭೇದದಿಂದ ದೂರ ಸರಿದ ಅನೇಕ ಕಪ್ಪು ಕುಟುಂಬಗಳಂತೆ ಅವರ ಕುಟುಂಬವೂ ಉತ್ತರಕ್ಕೆ ವಲಸೆ ಹೋಗಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನೆಲೆಸಿತು. ತಾಯಿ ಬೆಸ್ಸಿ ಪತ್ರಕರ್ತೆಯಾಗಿದ್ದರು. ಕಪ್ಪು ಕಲಾವಿದರ ಕೃತಿಗಳನ್ನು ಅನುಕಂಪದಿಂದ ಅಳೆಯುವ ಪ್ರವೃತ್ತಿಯನ್ನು ಬಿಯರ್ಡನ್ 1934ರಷ್ಟು ಹಿಂದೆಯೇ ಲೇಖನವೊಂದರಲ್ಲಿ ಖಂಡಿಸಿದ್ದರು. ಕಪ್ಪು ಮುಖವನ್ನು ಕರುಣೆಯ ವಸ್ತುವಾಗಿಸದೆ ಚಿತ್ರಿಸುವುದು ಹೇಗೆ ಎಂಬ ಪ್ರಶ್ನೆಗೆ ಅವರದೇ ಉತ್ತರ ದೊರೆಯಲು ಮೂರು ದಶಕಗಳು ಬೇಕಾದವು. ಈ ಅವಧಿಯ ಬಹುಭಾಗ ಅವರು ನಗರಾಡಳಿತದ ಸಮಾಜಕಲ್ಯಾಣ ಇಲಾಖೆಯಲ್ಲಿ ದುಡಿಯುತ್ತ ಬಿಡುವಿನಲ್ಲಿ ಚಿತ್ರ ಬರೆದರು.

ನಾಗರಿಕ ಹಕ್ಕುಗಳ ಚಳವಳಿ ಉತ್ಕಟವಾಗಿದ್ದ 1963ರಲ್ಲಿ ಅವರು ಸಹಕಲಾವಿದರೊಡನೆ 'ಸ್ಪೈರಲ್' ಬಳಗವನ್ನು ಕಟ್ಟಿದರು. ಎಲ್ಲರೂ ಕೂಡಿ ಕೊಲಾಜ್ ರಚಿಸೋಣವೆಂಬ ಅವರ ಸಲಹೆ ಫಲಿಸಲಿಲ್ಲ. ಆ ಕಾರ್ಯವನ್ನು ಅವರೊಬ್ಬರೇ ಮುಂದುವರಿಸಿದರು. ನಿಯತಕಾಲಿಕಗಳಿಂದ ಕತ್ತರಿಸಿದ ಕಣ್ಣು, ಬಾಯಿ, ಕೈಗಳೊಡನೆ ಆಫ್ರಿಕದ ಮುಖವಾಡಗಳ ಭಾಗಗಳನ್ನು ಜೋಡಿಸಿ, ಛಾಯಾಚಿತ್ರಣದ ಮೂಲಕ ಹಿಗ್ಗಿಸಿದ ಈ ಕೃತಿಗಳು 1964ರಲ್ಲಿ ಪ್ರದರ್ಶನಗೊಂಡವು. ಮುಂದೆ ಬಣ್ಣದ ಕಾಗದ, ಬಟ್ಟೆಗಳೂ ಸೇರಿಕೊಂಡವು.

ಇವನ್ನು ಕೇವಲ ಸಾಮಾಜಿಕ ದಾಖಲೆಗಳೆಂದು ಓದುವುದು ಅಪೂರ್ಣ. ಡಚ್ ವರ್ಣಚಿತ್ರಗಳ ಸಂಯೋಜನಾಕ್ರಮವನ್ನೂ ಅವರು ಶ್ರದ್ಧೆಯಿಂದ ಅಭ್ಯಸಿಸಿದ್ದರು. ಗುಲಾಮಗಿರಿಯಿಂದ ಛಿದ್ರಗೊಂಡ ಪರಂಪರೆ ಅಖಂಡವಾಗಿ ಮರಳಿ ದೊರೆಯುವಂಥದಲ್ಲ. ಅದನ್ನು ಹೊಸದಾಗಿ ಜೋಡಿಸಿಕೊಳ್ಳಬೇಕು. ಬೆಸುಗೆಯ ಗೆರೆಗಳನ್ನು ಮರೆಮಾಡದ ಈ ಮುಖಗಳು ಅದನ್ನೇ ಪ್ರತಿಪಾದಿಸುತ್ತವೆ. 1971ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವರ ಕೃತಿಗಳ ಸಮಗ್ರ ಪ್ರದರ್ಶನವನ್ನು ಏರ್ಪಡಿಸಿತು. 1988ರಲ್ಲಿ ಬಿಯರ್ಡನ್ ನಿಧನರಾದರು. ವ್ಯಕ್ತಿಚಿತ್ರವೆಂದರೆ ಒಬ್ಬನ ಹೋಲಿಕೆ ಮಾತ್ರವಲ್ಲ, ಒಂದು ಸಮುದಾಯದ ಸ್ಮೃತಿಯೂ ಆಗಬಲ್ಲದೆಂಬುದನ್ನು ಅವರ ಸಾಧನೆ ಸ್ಥಾಪಿಸಿದೆ.