ಕನ್ನಂಬಾಡಿಯ ಅಡಿಪಾಯ

ಚಿಕ್ಕಬಳ್ಳಾಪುರದ ಸಮೀಪದಲ್ಲಿ, ನಂದಿಬೆಟ್ಟದ ಮಗ್ಗುಲಲ್ಲಿ ಮುದ್ದೇನಹಳ್ಳಿ ಎಂಬ ಗ್ರಾಮವಿದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರಲ್ಲಿ ಜನಿಸಿದುದು ಇಲ್ಲಿಯೇ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳನ್ನೊಳಗೊಂಡ ಆ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ಬೆಳೆ. ಅವರು ಹದಿಹರೆಯದವರಾಗಿದ್ದಾಗ, 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮವು ಮೈಸೂರು ಸಂಸ್ಥಾನವನ್ನು ಕಾಡಿತು. ಕೆರೆಯೇ ಬತ್ತಿದ ಮೇಲೆ ರೈತನಿಗೆ ದಿಕ್ಕೇನೆಂಬುದನ್ನು ಆ ಪೀಳಿಗೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ವಿದ್ಯಾಭ್ಯಾಸ ಮಾಡಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಪದವಿ ಪಡೆದು 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಹೆಸರು ತಂದವು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾದರು.

ಕಾವೇರಿಗೆ ಕನ್ನಂಬಾಡಿಯ ಬಳಿ ಅಣೆಕಟ್ಟು ಕಟ್ಟುವುದು ಅವರ ಯೋಜನೆ. ಕೆಳಗಿನ ಮದ್ರಾಸ್ ಸರ್ಕಾರ ಆಕ್ಷೇಪಿಸಿತು. ತಂಜಾವೂರಿನ ಗದ್ದೆಗಳಿಗೆ ನೀರು ಕಡಿಮೆಯಾದೀತೆಂಬ ಆ ಭಯ ನಿರಾಧಾರವಾದುದೇನೂ ಅಲ್ಲ. ಮೈಸೂರು ಕೇಳಿದುದು ಸುಮಾರು 41.5 ಟಿ.ಎಂ.ಸಿ. ಸಂಗ್ರಹಕ್ಕೆ, ಮೊದಲ ಹಂತದಲ್ಲಿ ದೊರೆತ ಒಪ್ಪಿಗೆ 11 ಟಿ.ಎಂ.ಸಿ.ಗೆ ಮಾತ್ರ. 1911ರಲ್ಲಿ ಕೆಲಸ ಆರಂಭವಾಯಿತು. ಆದರೆ ಅಡಿಪಾಯವನ್ನು ಯಾವ ಕಟ್ಟೆಗೆ ಹಾಕಬೇಕು? ಒಪ್ಪಿಗೆಯಾದ ಗಿಡ್ಡ ಕಟ್ಟೆಗೋ, ಮನಸ್ಸಿನಲ್ಲಿದ್ದ ಎತ್ತರದ ಕಟ್ಟೆಗೋ?

ಇಲ್ಲಿ ಒಂದು ಅಂಶವನ್ನು ತಿಳಿಯಬೇಕು. ನೀರು ಆಳವಾದಷ್ಟೂ ಅದರ ಒತ್ತಡ ಹೆಚ್ಚುತ್ತದೆ. ಕಲ್ಲಿನ ಕಟ್ಟೆ ಆ ಒತ್ತಡವನ್ನು ತನ್ನ ಭಾರದಿಂದಲೇ ತಡೆದು ನಿಲ್ಲುತ್ತದೆ. ಆದುದರಿಂದ ಕಟ್ಟೆ ಎತ್ತರವಾದಷ್ಟೂ ಅದರ ಬುಡ ಅಗಲವಾಗಬೇಕು. ಸಡಿಲ ಮಣ್ಣನ್ನೂ ಶಿಥಿಲ ಕಲ್ಲನ್ನೂ ತೆಗೆದು ಗಟ್ಟಿ ಬಂಡೆಯ ಮೇಲೆಯೇ ಬುಡವನ್ನು ಕೂರಿಸಬೇಕು. ಜಲಾಶಯ ತುಂಬಿದ ಮೇಲೆ ಬುಡವನ್ನು ಅಗಲಿಸುವುದು ಬಲು ಕಷ್ಟದ ಕೆಲಸ.

ಮೈಸೂರು ಎತ್ತರದ ಕಟ್ಟೆಗೆ ತಕ್ಕಂತೆಯೇ ಅಗಲವಾದ ಪಾಯ ತೋಡಿತು. ಇದು ದಿಟ್ಟತನವೆಂಬುದು ನಿಜ, ಅಪಾಯಕಾರಿಯೂ ಆಗಿತ್ತು. ಮುಂದಿನ ಹಂತಕ್ಕೆ ಅನುಮತಿ ದೊರೆಯದಿದ್ದರೆ ಬಡ ಸಂಸ್ಥಾನದ ಹಣ ನದಿಯ ತಳದಲ್ಲಿ ಹೂತುಹೋಗುತ್ತಿತ್ತು. ಮದ್ರಾಸ್ ಪ್ರತಿಭಟಿಸಿತು. ವ್ಯಾಜ್ಯ ಪಂಚಾಯಿತಿಗೆ ಹೋಯಿತು. 1914ರ ತೀರ್ಪು ಮೈಸೂರಿಗೆ ಅನುಕೂಲವಾದರೂ ಮದ್ರಾಸ್ ಮೇಲ್ಮನವಿ ಸಲ್ಲಿಸಿದುದರಿಂದ ಅಲ್ಲಿಗೆ ಮುಗಿಯಲಿಲ್ಲ.

ಇತ್ತ ಕಟ್ಟೆ ಏರುತ್ತಲೇ ಇತ್ತು. ಸಾವಿರಾರು ಕೂಲಿಗಳು ದುಡಿದರು. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದ ಸುರ್ಕಿ ಗಾರೆಯೇ ಕಲ್ಲುಗಳನ್ನು ಬೆಸೆಯಿತು. ಹಳೆಯ ಕನ್ನಂಬಾಡಿಯೂ ಸೇರಿದಂತೆ ಹಲವು ಹಳ್ಳಿಗಳು ಮುಳುಗಿದವು. ಆ ಜನ ಮನೆ, ಹೊಲ, ದೇಗುಲಗಳನ್ನು ಬಿಟ್ಟು ನಡೆದರು. ಅಣೆಕಟ್ಟಿನ ಕಥೆಯಲ್ಲಿ ಅವರ ಪಾಲನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

1912ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರು 1918ರಲ್ಲಿ ಆ ಪದವಿಯನ್ನು ತ್ಯಜಿಸಿದರು. ಎರಡು ಸರ್ಕಾರಗಳ ನಡುವೆ ಒಪ್ಪಂದವಾದುದು 1924ರಲ್ಲಿ. ಬಳಿಕ ಕಟ್ಟೆ ಸುಮಾರು 130 ಅಡಿಗಳ ಪೂರ್ಣ ಎತ್ತರಕ್ಕೇರಿ 1931ರಲ್ಲಿ ಮುಗಿಯಿತು. ಅದಕ್ಕೆ ಹೊಸ ಪಾಯ ತೋಡಬೇಕಾಗಲಿಲ್ಲ.

1955ರಲ್ಲಿ ಭಾರತರತ್ನ ಪ್ರಶಸ್ತಿ ಪಡೆದ ಅವರು 1962ರಲ್ಲಿ ನಿಧನರಾದರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ.