ವಾಕ್‌ಸ್ವಾತಂತ್ರ್ಯದ ಕಾವಲುಗಾರ ಜೆಕರಾಯ ಚೇಫಿ

ರಾಷ್ಟ್ರಕ್ಕೆ ಆಪತ್ತು ಒದಗಿದಾಗ ಪ್ರಜೆಯ ಬಾಯಿ ಕಟ್ಟಬಹುದೇ? ನಮ್ಮ ಸಂವಿಧಾನದ 19ನೆಯ ವಿಧಿಯನ್ನು ಓದುವಾಗ ನನ್ನ ಮನಸ್ಸಿನಲ್ಲಿ ಈ ಪ್ರಶ್ನೆ ಎದ್ದಿತು. ಇದೇ ಪ್ರಶ್ನೆಯ ವಿಚಾರಕ್ಕೆ ತಮ್ಮ ಬಾಳನ್ನು ಮುಡಿಪಿಟ್ಟವರು ಅಮೆರಿಕದ ನ್ಯಾಯಶಾಸ್ತ್ರಜ್ಞ ಜೆಕರಾಯ ಚೇಫಿ.

ಚೇಫಿಯವರು 1885ರ ಡಿಸೆಂಬರ್ 7ರಂದು ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದಲ್ಲಿ ಜನಿಸಿದರು. ಅವರದು ಕಬ್ಬಿಣದ ಕಾರ್ಖಾನೆಯ ಸಿರಿವಂತ ಮನೆತನ. 1907ರಲ್ಲಿ ಬ್ರೌನ್ ವಿಶ್ವವಿದ್ಯಾನಿಲಯದ ಪದವಿ ಪಡೆದು, ಕೆಲಕಾಲ ಮನೆತನದ ಉದ್ಯಮದಲ್ಲಿ ದುಡಿದು, ಅನಂತರ ಹಾರ್ವರ್ಡಿನಲ್ಲಿ ಕಾನೂನು ಕಲಿತರು. 1916ರಲ್ಲಿ ಅಲ್ಲಿಯೇ ಅಧ್ಯಾಪಕರಾದರು.

ಮರುವರ್ಷ ಅಮೆರಿಕ ಮಹಾಯುದ್ಧಕ್ಕಿಳಿಯಿತು. 1917ರ ಬೇಹುಗಾರಿಕೆ ಕಾಯಿದೆಯೂ 1918ರ ಅದರ ತಿದ್ದುಪಡಿಯೂ ಯುದ್ಧವನ್ನು ಟೀಕಿಸಿದವರನ್ನೇ ಸೆರೆಮನೆಗೆ ನೂಕಿದವು. ರಷ್ಯದಿಂದ ವಲಸೆ ಬಂದಿದ್ದ ಜೇಕಬ್ ಏಬ್ರಮ್ಸ್ ಮತ್ತು ಸಂಗಡಿಗರು, ರಷ್ಯಕ್ಕೆ ಅಮೆರಿಕದ ಸೇನೆ ಹೋದುದನ್ನು ಖಂಡಿಸಿ, 1918ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ಕರಪತ್ರ ಹಂಚಿದರು. ಮೂವರಿಗೆ 20 ವರ್ಷ, ಮಾಲಿ ಸ್ಟೈಮರ್ ಎಂಬ ತರುಣಿಗೆ 15 ವರ್ಷ ಸಜೆಯಾಯಿತು. ಕರಪತ್ರ ಹಂಚಿದಾಗ ಆಕೆಗೆ ಇಪ್ಪತ್ತೇ ವರ್ಷ, ನನ್ನದೇ ವಯಸ್ಸು!

ಚೇಫಿಯವರು ಈ ಶಿಕ್ಷೆಯನ್ನು ಕಟುವಾಗಿ ವಿಮರ್ಶಿಸಿದರು. ದೇಶದ ಭದ್ರತೆ ಬೇಡವೆಂದು ಅವರು ಹೇಳಲಿಲ್ಲ. ಭದ್ರತೆಯನ್ನೂ ಸತ್ಯಶೋಧನೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕು. ಯುದ್ಧ ನ್ಯಾಯವಾದದ್ದೇ ಎಂದು ತಿಳಿಯಲು ಯುದ್ಧಕಾಲದಲ್ಲಿಯೇ ಚರ್ಚೆ ಹೆಚ್ಚು ಅಗತ್ಯ. ಮಾತು ಅಕ್ರಮ ಕೃತ್ಯದ ಹೊಸ್ತಿಲಿಗೆ ಬಂದಾಗ ಮಾತ್ರ ಕಾನೂನು ಕೈಯಿಕ್ಕಬೇಕು: ಇದು ಅವರ ವಾದ. 1919ರಲ್ಲಿ ಅವರು ಬರೆದ ಲೇಖನ ನ್ಯಾಯಮೂರ್ತಿ ಹೋಮ್ಸರ ಮೇಲೂ ಪ್ರಭಾವ ಬೀರಿತೆಂದು ವಿದ್ವಾಂಸರ ಅಭಿಪ್ರಾಯ. ಆ ನವೆಂಬರಿನಲ್ಲಿ ಏಬ್ರಮ್ಸ್ ಮೊಕದ್ದಮೆಯಲ್ಲಿ ಹೋಮ್ಸರೂ ಬ್ರಾಂಡೈಸರೂ ಭಿನ್ನಮತದ ತೀರ್ಪಿತ್ತರು.

ಸತ್ಯ ನುಡಿದವರಿಗೆ ಕಷ್ಟ ತಪ್ಪೀತೆ? ಹಾರ್ವರ್ಡಿನ ಕೆಲವು ಹಳೆಯ ವಿದ್ಯಾರ್ಥಿಗಳೇ ಅವರ ಮೇಲೆ ದೂರಿತ್ತರು. 1921ರ ಮೇ ತಿಂಗಳಲ್ಲಿ ವಿಚಾರಣೆ ನಡೆಯಿತು. ತಾವು ಸಮಾಜವಾದಿಯಲ್ಲ, ತಮ್ಮ ಪಕ್ಷ ಉಳ್ಳವರದೇ, ಆದರೆ ಆ ಪಕ್ಷ ನ್ಯಾಯವಾಗಿ ಹೋರಾಡಬೇಕೆಂದು ಅವರು ನಿಲುವು ತಳೆದರು. ವಿಶ್ವವಿದ್ಯಾನಿಲಯದ ಅಧ್ಯಕ್ಷ ಲೋವೆಲ್ ಬೆಂಬಲಕ್ಕೆ ನಿಂತರು, ಹುದ್ದೆ ಉಳಿಯಿತು. ಮುಂದೆ ಸೆನೆಟರ್ ಮೆಕಾರ್ಥಿ ಅವರನ್ನು ದೇಶಕ್ಕೆ ಅಪಾಯಕಾರಿ ಎಂದು ಹಳಿದಾಗಲೂ ಅವರು ಕುಗ್ಗಲಿಲ್ಲ. 1957ರ ಫೆಬ್ರವರಿ 8ರಂದು ತೀರಿಕೊಂಡರು.

ನಮ್ಮ ಮನೆತನದಲ್ಲಿ ಪದವಿ ತರಗತಿ ಕಂಡವನು ನಾನೇ ಮೊದಲಿಗ. ನನ್ನ ಹಿರಿಯರು ಊರ ಚಾವಡಿಯಲ್ಲಿ ಕೈಕಟ್ಟಿ ನಿಂತವರೇ ಹೊರತು ಬಾಯಿಬಿಟ್ಟವರಲ್ಲ. ಆದ್ದರಿಂದ, ಸಿರಿವಂತರೊಬ್ಬರು ತಾವು ಒಪ್ಪದ ಬಡ ವಲಸೆಗಾರರ ಮಾತಿಗೆ ಕಾವಲು ನಿಂತ ಈ ಕಥೆ ನನಗೆ ದೊಡ್ಡದಾಗಿ ತೋರುತ್ತದೆ. ರಾಜ್ಯದ ಭದ್ರತೆಗಾಗಿ ಮಾತಿಗೆ ನಿರ್ಬಂಧ ಹೇರಲು ನಮ್ಮ ಸಂವಿಧಾನವೂ ಎಡೆಗೊಟ್ಟಿದೆ. ಆದರೆ ಆ ನಿರ್ಬಂಧ ಯುಕ್ತವಾಗಿರಬೇಕೆಂಬ ಮಾತನ್ನು 1951ರಲ್ಲಿ ಸೇರಿಸಿತು. ಯುಕ್ತವೋ ಅಯುಕ್ತವೋ ಎಂದು ಕೇಳುವ ಧೈರ್ಯವನ್ನು ಮಾತ್ರ ಯಾವ ತಿದ್ದುಪಡಿಯೂ ಕೊಡಲಾರದು. ಅದನ್ನು ವಿದ್ಯಾವಂತರಾದ ನಾವೇ ಗಳಿಸಿಕೊಳ್ಳಬೇಕು.