ಬೀದಿಯಲ್ಲಿಟ್ಟ ಆಯುಧ

ಗ್ರೀಸಿನ ಏಳು ಮಂದಿ ಜ್ಞಾನಿಗಳಲ್ಲಿ ಒಬ್ಬನೆಂದು ಸೋಲನ್‌ನ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅವನು ಕವಿಯೂ ಆಗಿದ್ದನೆಂಬುದನ್ನು ಬಲ್ಲವರು ವಿರಳ. ಕ್ರಿ. ಪೂ. 594ರಲ್ಲಿ ಅವನು ಅಥೆನ್ಸಿನ ಆರ್ಕನ್ ಪದವಿಗೇರಿದಾಗ ನಗರವು ಒಡೆದ ಮನೆಯಾಗಿತ್ತು. ಸಾಲಕ್ಕೆ ಮೈಯನ್ನೇ ಒತ್ತೆಯಿಟ್ಟ ರೈತರು ಗುಲಾಮರಾಗುತ್ತಿದ್ದರು. ಸೋಲನ್ ಸಾಲಗಳನ್ನು ರದ್ದುಗೊಳಿಸಿದನು. ಹೊರನಾಡಿಗೆ ಮಾರಾಟವಾಗಿದ್ದ ಅನೇಕರನ್ನು ಮರಳಿ ಕರೆತಂದನು.

ಅವನ ಶಾಸನಗಳಲ್ಲಿ ಒಂದು ಬಹು ವಿಚಿತ್ರವಾದುದು. ಅಂತಃಕಲಹ ಹುಟ್ಟಿದಾಗ ಯಾವ ಪಕ್ಷವನ್ನೂ ಹಿಡಿಯದೆ ಕುಳಿತವನು ಪೌರತ್ವದ ಹಕ್ಕನ್ನು ಕಳೆದುಕೊಳ್ಳತಕ್ಕದ್ದು! ಇದು ಸೋಲನ್‌ನದೇ ಹೌದೇ ಎಂದು ಶಂಕಿಸುವ ವಿದ್ವಾಂಸರುಂಟು. ನನಗಂತೂ ಅವನದೆಂದೇ ತೋರುತ್ತದೆ. ನಗರ ಹೊತ್ತಿ ಉರಿಯುತ್ತಿರುವಾಗಲೂ, ಆದದ್ದಾಗಲಿ ಎಂದು ಬಾಗಿಲಿಕ್ಕಿಕೊಳ್ಳುವ ಉಂಡುಟ್ಟು ಸುಖವಾಗಿದ್ದ ಮಂದಿಯನ್ನು ಅವನು ಕಣ್ಣಾರೆ ಕಂಡಿದ್ದನು.

ಶಾಸನಗಳನ್ನು ರಚಿಸಿ, ಹತ್ತು ವರ್ಷ ದೇಶಾಟನೆ ಮಾಡಿ ಹಿಂದಿರುಗುವ ವೇಳೆಗೆ ನಗರದಲ್ಲಿ ಮತ್ತೆ ಮೂರು ಬಣಗಳೆದ್ದಿದ್ದವು. ಅವುಗಳಲ್ಲಿ ಒಂದರ ನಾಯಕ ಪಿಸಿಸ್ಟ್ರಾಟಸ್, ಸೋಲನ್‌ನ ಬಂಧುವೇ. ಅವನು ತನ್ನ ಮೈಗೆ ತಾನೇ ಗಾಯ ಮಾಡಿಕೊಂಡು, ಶತ್ರುಗಳು ಕೊಲ್ಲಬಂದರೆಂದು ಸಭೆಯಲ್ಲಿ ಗೋಳಿಟ್ಟು, ದೊಣ್ಣೆ ಹಿಡಿದ ಅಂಗರಕ್ಷಕರನ್ನು ಬೇಡಿದನು. ಮುಪ್ಪಿನ ಸೋಲನ್ ಎದ್ದುನಿಂತು ಅದನ್ನು ವಿರೋಧಿಸಿದನು. ಬಡವರು ಪಿಸಿಸ್ಟ್ರಾಟಸನ ಕಡೆಗೆ ಗದ್ದಲವೆಬ್ಬಿಸಿದರು. ಸಿರಿವಂತರು ಸದ್ದಿಲ್ಲದೆ ಸಭೆಯಿಂದ ಜಾರಿಕೊಂಡರೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಬಡವರಿಗೆ ಮೋಸ ತಿಳಿದಿರಲಿಲ್ಲ, ಸಿರಿವಂತರಿಗೆ ತಿಳಿದಿತ್ತು. ಆ ಜಾರಿಕೊಂಡವರನ್ನು ಕ್ಷಮಿಸುವುದು ನನಗೆ ಕಷ್ಟ.

ಕ್ರಿ. ಪೂ. 561ರ ಸುಮಾರಿಗೆ ಪಿಸಿಸ್ಟ್ರಾಟಸ್ ಅಕ್ರೊಪೊಲಿಸ್ ಕೋಟೆಯನ್ನು ಹಿಡಿದನು. ಸೋಲನ್ ಸಂತೆಬೀದಿಗೆ ಬಂದು ಜನರನ್ನು ಹುರಿದುಂಬಿಸಲೆತ್ನಿಸಿದನು. ಒಬ್ಬರೂ ಮಿಸುಕಲಿಲ್ಲ. ಮನೆಗೆ ಮರಳಿ, ಆಯುಧಗಳನ್ನು ಹೊರತಂದು ಬಾಗಿಲ ಮುಂದೆ ಬೀದಿಯಲ್ಲಿಟ್ಟನು. ದೇಶಕ್ಕಾಗಿ ತನ್ನ ಕೈಲಾದುದನ್ನು ಮಾಡಿದ್ದೇನೆಂಬುದು ಅದರ ಅರ್ಥ. ಓಡಿಹೋಗೆಂದು ಮಿತ್ರರು ಹೇಳಿದರೂ ಕೇಳಲಿಲ್ಲ. ಬಹು ಕಾಲ ಬದುಕಲೂ ಇಲ್ಲ.

ಪಿಸಿಸ್ಟ್ರಾಟಸ್ ಕ್ರೂರಿಯಾಗಿರಲಿಲ್ಲ, ಸೋಲನ್‌ನ ಶಾಸನಗಳಲ್ಲಿ ಹೆಚ್ಚಿನವನ್ನು ಉಳಿಸಿಕೊಂಡನೆಂಬುದನ್ನು ಮರೆಯಲಾಗದು. ಎರಡು ಬಾರಿ ಪದಚ್ಯುತನಾಗಿ, ಕ್ರಿ. ಪೂ. 546ರ ಸುಮಾರಿಗೆ ಸೈನ್ಯದೊಡನೆ ಹಿಂದಿರುಗಿದ ಮೇಲೆ ಒಂದು ದಿನ ಪೌರರನ್ನು ನೆರೆಯಿಸಿ ಮೆಲುದನಿಯಲ್ಲಿ ಮಾತಾಡತೊಡಗಿದನಂತೆ. ಅವರು ಕಿವಿಗೊಟ್ಟು ನಿಂತಿದ್ದಾಗಲೇ ಅವನ ಆಳುಗಳು ಅವರ ಆಯುಧಗಳನ್ನೆಲ್ಲ ಒಟ್ಟುಮಾಡಿ ಬೀಗ ಹಾಕಿದರು. ಬಳಿಕ ಅವನು, ಎಲ್ಲರೂ ಹೋಗಿ ತಂತಮ್ಮ ಮನೆಗೆಲಸ ನೋಡಿಕೊಳ್ಳಲೆಂದೂ ರಾಜ್ಯದ ಕೆಲಸವನ್ನು ತಾನೇ ನೋಡಿಕೊಳ್ಳುವೆನೆಂದೂ ತಿಳಿಸಿದನು. ಅವನ ಮಗ ಹಿಪ್ಪಿಯಾಸನನ್ನು ಹೊರದೂಡಲು ಅಥೆನ್ಸ್ ಕ್ರಿ. ಪೂ. 510ರವರೆಗೆ ಕಾಯಬೇಕಾಯಿತು, ಅದೂ ಸ್ಪಾರ್ಟದ ಸೈನ್ಯದ ನೆರವಿನಿಂದ.